ಮಳೆ ಪುಸ್ತಕ ವಾಪಸ್ ತಗೊಳ್ಳಿ, ಅಕ್ಕಾ

ಮೂಡಿಗೆರೆ ಹತ್ತಿರದ ಕಾಫಿ ತೋಟದಿಂದ ಒಬ್ಬ ಅಕ್ಕ ಬರೆದ ಕಾಗದ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಅವರಿಗೆ ವಯಸ್ಸು 67. ಯಜಮಾನರು ಹೋಗಿ ನಾಲ್ಕು ವರ್ಷ. ಮಗ, ಸೊಸೆ ಜೊತೆಗಿದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟ, ಮಾತ್ರೆ, ಟೀವಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಕಳೆದ ಮಳೆಗಾಲದಿಂದ ಮಗ ಮನೆಯಿಂದ ಹೊರಗೆ ಕಾಲಿಡಲು ಬಿಡುತ್ತಿಲ್ಲ. 'ಹಗಲೆಲ್ಲ ಜಗಲಿಯಲ್ಲಿ ಕೂತಿರುತ್ತೇನೆ. ಮೊದಲಿನ ಥರ ಯೋಚನೆಯೂ ಓಡುವುದಿಲ್ಲ. ವಯಸ್ಸಾದ ಮೇಲೆ ಹೀಗೇ ಇರಬೇಕಾ?' ಅಂತ ಕೇಳಿದ್ದಾರೆ.

ಇರಬೇಕಾಗಿಲ್ಲ, ಅಕ್ಕಾ.

ನಿಮ್ಮ ಕಾಗದದ ಮೂರನೇ ಪುಟದಲ್ಲಿ, ಸೊಸೆಯ ಕೈರುಚಿ ಹೊಗಳಿದ ಮೇಲೆ, ಒಂದು ಸಾಲು ಹೀಗೆ ಬಂದು ಹಾಗೆ ಹೋಗಿದೆ. 'ಮಳೆ ಪುಸ್ತಕ ನಾನೇ ಬರೆಯುತ್ತಿದ್ದೆ, ಈಗ ತೋಟದ ಲೆಕ್ಕ ನೋಡುವ ರೈಟರ್ ಮೊಬೈಲಲ್ಲಿ ಹಾಕಿಕೊಳ್ಳುತ್ತಾರೆ, ಅದೇನು ದೊಡ್ಡ ವಿಷಯ ಅಲ್ಲ ಬಿಡಿ.' ಯಾಕೆ ಬಿಡಬೇಕು? ಮದುವೆಯಾಗಿ ಬಂದ 1982ರಿಂದ ಅಳೆದು ಬರೆದವರು ನೀವು. ಈ ಕಾಗದದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಮಲೆನಾಡಿನ ಆಚೆಯ ಓದುಗರಿಗೆ ಸ್ವಲ್ಪ ಹೇಳಬೇಕು. ತೋಟದ ಮನೆಗಳ ಅಂಗಳದಲ್ಲಿ, ಮರದ ನೆರಳು ಬೀಳದ ಕಡೆ, ಮಳೆ ಅಳೆಯುವ ಡಬ್ಬ ಇಟ್ಟಿರುತ್ತಾರೆ. ಮೇಲೆ ಆಲಿಕೆ, ಒಳಗೆ ಬಾಟಲಿ. ಬೆಳಿಗ್ಗೆ ಬಾಟಲಿ ತೆಗೆದು ನೀರನ್ನು ಅಳತೆ ಗ್ಲಾಸಿಗೆ ಸುರಿಯಬೇಕು. ಮೇಲಿನಿಂದ ನೋಡಿದರೆ ಲೆಕ್ಕ ತಪ್ಪುತ್ತದೆ. ಗ್ಲಾಸನ್ನು ಸಮನಾದ ಕಡೆ ಇಟ್ಟು, ಬಗ್ಗಿ, ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ತಂದುಕೊಂಡು ಗೀಟು ಓದಬೇಕು. ಇಂಚು, ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಅದನ್ನು ದಿನಾ ಬರೆದಿಡುವುದೇ ಮಳೆ ಪುಸ್ತಕ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಹೊತ್ತಿಗಂತೂ ಮನೆಯವರೆಲ್ಲ ಈ ಲೆಕ್ಕಕ್ಕೇ ಕಾಯುತ್ತಾರೆ. ಒಂದು ಇಂಚಿನ ಮೇಲೆ ಬಿದ್ದರೆ ರೋಬಸ್ಟಾ ಜಾತಿಯ ಕಾಫಿ ಇರುವವರಿಗೆ ನೆಮ್ಮದಿ. ನಲವತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಸ್ಪ್ರಿಂಕ್ಲರ್ ಓಡಿಸಬೇಕು. ಮಳೆ ಚೆನ್ನಾಗಿ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ.

ಅದೇ ಪುಸ್ತಕದ ಅಂಚಿನಲ್ಲಿ ನೀವು ಇನ್ನೂ ಏನೇನೋ ಬರೆಯುತ್ತಿದ್ದಿರಂತೆ. ಯಾವ ಹಸು ಕರು ಹಾಕಿತು, ಯಾರ ಮನೆಯಲ್ಲಿ ಸಾವಾಯಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ಯಾರು ಯಾರು ನಿಮ್ಮ ಮನೆಗೆ ಬಂದು ಮಲಗಿದ್ದರು.

ಅಂಗಳಕ್ಕೆ ನಡೆಯುವುದು, ಬಗ್ಗುವುದು, ಏಳುವುದು, ಕಣ್ಣಿಟ್ಟು ಓದುವುದು, ಆಮೇಲೆ ಕೂತು ನೆನೆದು ಬರೆಯುವುದು. ಮೈಗೂ ಮನಸ್ಸಿಗೂ ಒಟ್ಟಿಗೇ ಕೆಲಸ ಕೊಡುತ್ತಿದ್ದ ಪುಸ್ತಕ ಅದು. ಅದನ್ನು ಕೊಟ್ಟು ಕೂತ ಮೇಲೆ ಯೋಚನೆ ಓಡುತ್ತಿಲ್ಲ ಅಂತೀರಿ. ಓಡುವುದಾದರೂ ಹೇಗೆ?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಹಿರಿಯರ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ಸೇವೆಯಲ್ಲ.

ನಿಮ್ಮ ಮಗನ ಮೇಲೆ ನನಗೆ ಕೋಪವಿಲ್ಲ. ಅಪ್ಪನನ್ನು ಕಳೆದುಕೊಂಡಿದ್ದಾರೆ, ಅಮ್ಮನಿಗೆ ಏನಾದರೂ ಆದರೆ ಅನ್ನುವ ಭಯ ಇದ್ದೇ ಇರುತ್ತದೆ. ತಪ್ಪು ನಿಮ್ಮ ಮೈದುನರದು. ಬೆಂಗಳೂರಿನಿಂದ ತಿಥಿಗೆ ಬಂದವರು, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು, 'ಅತ್ತಿಗೆ ಈ ವಯಸ್ಸಲ್ಲಿ ತೋಟ ಸುತ್ತೋದು ನೋಡಿದ್ರೆ ಜನ ನಿನ್ನನ್ನೇ ಅಂತಾರೆ ಕಣೋ' ಅಂತ ನಿಮ್ಮ ಮಗನ ಕಿವಿಗೆ ಹಾಕಿ ಸಂಜೆಗೆ ಕಾರು ಹತ್ತಿದರು. ವರ್ಷಕ್ಕೊಮ್ಮೆ ಬರುವವರ ಒಂದು ಮಾತಿಗೆ ನೀವು ವರ್ಷವಿಡೀ ಜಗಲಿಯಲ್ಲಿ ಕೂರಬೇಕಾ? ಆವತ್ತು ನೀವೂ ಬಾಯಿ ಬಿಡಬೇಕಿತ್ತು. ಸುಮ್ನಿದ್ದರೆ ಒಪ್ಪಿಗೆ ಅಂತಲೇ ಎಲ್ಲರೂ ತಿಳಿಯುತ್ತಾರೆ ಅಲ್ವಾ?

ಬೀಳುವ ಭಯ ಸುಳ್ಳಲ್ಲ. ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿದರೆ ತುಂಬಾ ಕಷ್ಟ. ಆದರೆ ಕೂತಲ್ಲೇ ಕೂತರೆ ಕಾಲಿನ ಶಕ್ತಿ ಇಳಿದುಹೋಗುತ್ತದೆ, ಆಮೇಲೆ ಬಚ್ಚಲಿಗೆ ಹೋಗುವಾಗಲೇ ಕಾಲು ತಪ್ಪುತ್ತದೆ. 65 ದಾಟಿದವರೂ ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಬಿರುಸಾಗಿ ನಡೆಯುವಂಥದ್ದು ಏನಾದರೂ ಮಾಡಬೇಕು, ಮೈಯ ಸಮತೋಲ ಮತ್ತು ಬಲ ಉಳಿಯಲು ವಾರದಲ್ಲಿ 3 ದಿನವಾದರೂ ಅಭ್ಯಾಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಜೂನ್ ಬಂದರೆ ಇಳಿಜಾರು ಜಾರುತ್ತದೆ, ಆಗ ತೋಟದೊಳಗೆ ಒಬ್ಬರೇ ಹೋಗಬೇಡಿ. ಅಷ್ಟು ನಾನೂ ಒಪ್ಪುತ್ತೇನೆ. ಆದರೆ ಮನೆ ಮುಂದಿನ ಅಂಗಳಕ್ಕೂ ಬೇಡ ಅಂದರೆ ಹೇಗೆ?

ಹಳೆಯದನ್ನೆಲ್ಲ ಬರೆಯುತ್ತಾ ಕೂತರೆ ಅರವತ್ತಕ್ಕೆ ಅರಳು ಮರಳು ಅಂತಾರೇನೋ ಅನ್ನುವ ಅಂಜಿಕೆಯೂ ನಿಮಗಿದೆ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಇದರ ಬಗ್ಗೆ ಬರೆದರು. ವಯಸ್ಸಾದವರು ಬದುಕನ್ನು ತಿರುಗಿ ನೋಡುವುದು ಸಹಜ, ಅದನ್ನು ಬುದ್ಧಿ ಮಂಕಾದ ಗುರುತು ಅಂತ ತಿಳಿಯಬಾರದು ಅನ್ನುವುದು ಅವರ ವಾದ. ಬರೆಯಿರಿ, ಧೈರ್ಯವಾಗಿ ಬರೆಯಿರಿ.

ನೀವು ಮಾಡಬೇಕಾದ್ದು ಒಂದೇ. ನಾಳೆ ಬೆಳಿಗ್ಗೆ ಮಳೆ ಪುಸ್ತಕ ನಿಮ್ಮ ಕೈಗೆ ಬರಬೇಕು. ಬಿಟ್ಟುಹೋದ ತಿಂಗಳುಗಳ ಲೆಕ್ಕವನ್ನು ರೈಟರ್ ಹತ್ತಿರ ಕೇಳಿ ತುಂಬಿಕೊಳ್ಳಿ. ಮಳೆಯಿಲ್ಲದ ದಿನವೂ ಹೋಗಿ ನೋಡಿ ಬಂದು ಸೊನ್ನೆ ಬರೆಯಿರಿ, ಕೆಳಗೆ ಆವತ್ತು ಮನಸ್ಸಿಗೆ ಬಂದದ್ದು ಎರಡು ಸಾಲು. ಅಂಗಳದಲ್ಲಿ ಪಾಚಿ ಕಟ್ಟಿದ್ದರೆ ಉಜ್ಜಿಸಿ, ಜಾರದ ಚಪ್ಪಲಿ ಹಾಕಿಕೊಳ್ಳಿ, ಬೇಕಾದರೆ ಕೋಲು ಹಿಡಿಯಿರಿ. ಮಗನ ಅಪ್ಪಣೆ ಕೇಳಬೇಡಿ. 'ನಾಳೆಯಿಂದ ಮಳೆ ನಾನೇ ಅಳೀತೀನಿ ಕಣಪ್ಪಾ' ಅಂತ ಇವತ್ತು ರಾತ್ರಿ ಊಟದ ಹೊತ್ತಿಗೆ ತಿಳಿಸಿಬಿಡಿ.