ಅಮೆರಿಕದಲ್ಲಿ ವಯಸ್ಸಾದ ಅಪ್ಪ ಅಮ್ಮನಿಗೆ ಪ್ರಾಪರ್ಟಿ ಟ್ಯಾಕ್ಸ್ ರಿಯಾಯಿತಿ ಸಿಗುತ್ತದಾ? ಬಾಡಿಗೆ ಮನೆಯಲ್ಲಿದ್ದರೂ?

ನಿಮ್ಮ ಅಪ್ಪನಿಗೆ 71, ಅಮ್ಮನಿಗೆ 66. ಇಬ್ಬರೂ ಗ್ರೀನ್ ಕಾರ್ಡ್ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ, ಊರಿನ ಪೆನ್ಶನ್ ಬರುತ್ತದೆ, ನೀವೂ ತಿಂಗಳಿಗೆ ಸ್ವಲ್ಪ ಕಳಿಸುತ್ತೀರಿ. ಚಿಕ್ಕಮ್ಮ ನ್ಯೂ ಜೆರ್ಸಿಯಲ್ಲಿ ಸ್ವಂತ ಮನೆಯಲ್ಲಿದ್ದಾರೆ, ವರ್ಷಕ್ಕೆ 11,000 ಡಾಲರ್ ಮೇಲೆ ಟ್ಯಾಕ್ಸ್ ಕಟ್ಟುತ್ತಾರೆ. ಯಾರೋ ಒಬ್ಬರು 150 ಡಾಲರ್ ಕೊಟ್ಟರೆ ಎಲ್ಲರಿಗೂ ಅರ್ಜಿ ಹಾಕಿಕೊಡುತ್ತೇನೆ ಅಂದಿದ್ದಾರೆ, ಕೊಡಬೇಕಾ ಅಂತ ಕೇಳಿದ್ದೀರಿ.

ಕೊಡಬೇಡಿ. ಎರಡೂ ರಾಜ್ಯಗಳಲ್ಲಿ ಅರ್ಜಿ ಹಾಕುವುದು ಫ್ರೀ. ನಾನು ನಮ್ಮ ಮನೆಯವರದ್ದು ಮತ್ತು ಪರಿಚಯದ ಕೆಲವು ಹಿರಿಯರದ್ದು ಪ್ರತಿ ವರ್ಷ ತುಂಬಿಕೊಡುತ್ತೇನೆ. ಕಾಗದಪತ್ರ ಜೋಡಿಸುವುದಕ್ಕೆ ಒಂದು ಸಂಜೆ ಹಿಡಿಯುತ್ತದೆ, ತುಂಬುವುದಕ್ಕೆ ಅಷ್ಟೂ ಬೇಡ. ಕೈಯಲ್ಲಿ ಆಗದಿದ್ದರೆ ನಿಮ್ಮ ಏರಿಯಾದ ರಾಜ್ಯ ಶಾಸಕರ ಆಫೀಸಿಗೆ ಹೋಗಿ. ಪೆನ್ಸಿಲ್ವೇನಿಯಾದಲ್ಲಿ ಅಲ್ಲಿನ ಸಿಬ್ಬಂದಿಯೇ ಕೂತು ಈ ಫಾರ್ಮ್ ತುಂಬಿಕೊಡುತ್ತಾರೆ, ಅವರಿಗೆ ಇದು ದಿನಾ ಇರುವ ಕೆಲಸ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ದುಡ್ಡು ತಾನಾಗಿ ಬರುವುದಿಲ್ಲ. ಅಪ್ಪನಿಗೆ 65 ತುಂಬಿತು ಅಂತ ಯಾರೂ ಕಾಗದ ಕಳಿಸಿ ಕರೆಯುವುದಿಲ್ಲ. ದೇಶಕ್ಕೆಲ್ಲ ಒಂದೇ ಯೋಜನೆಯೂ ಇಲ್ಲ, ಪ್ರಾಪರ್ಟಿ ಟ್ಯಾಕ್ಸ್ ಅನ್ನುವುದೇ ಇಲ್ಲಿ ಊರು, ಕೌಂಟಿ (ನಮ್ಮ ಜಿಲ್ಲೆಯ ಥರ), ಸ್ಕೂಲ್ ಡಿಸ್ಟ್ರಿಕ್ಟ್ ಸೇರಿ ಹಾಕುವ ತೆರಿಗೆ, ಹಾಗಾಗಿ ರಿಯಾಯಿತಿಯೂ ರಾಜ್ಯಕ್ಕೊಂದು ಥರ, ಕೆಲವು ಕಡೆ ಊರಿಗೊಂದು ಥರ.

ಮೊದಲು ಅಪ್ಪ ಅಮ್ಮನ ವಿಷಯ. ಪೆನ್ಸಿಲ್ವೇನಿಯಾದಲ್ಲಿ ಪ್ರಾಪರ್ಟಿ ಟ್ಯಾಕ್ಸ್/ರೆಂಟ್ ರಿಬೇಟ್ (ಕಟ್ಟಿದ ತೆರಿಗೆ ಅಥವಾ ಬಾಡಿಗೆಯಲ್ಲಿ ಸ್ವಲ್ಪ ವಾಪಸ್) ಅಂತ ಒಂದು ಯೋಜನೆ ಇದೆ, 1971ರಿಂದ ನಡೆಯುತ್ತಿದೆ. ದುಡ್ಡು ಬರುವುದು ರಾಜ್ಯದ ಲಾಟರಿ ಮತ್ತು ಕ್ಯಾಸಿನೋ ಆದಾಯದಿಂದ. (ನಮ್ಮ ಮಾವ ಲಾಟರಿ ಟಿಕೆಟ್ ಕೊಳ್ಳುವವರನ್ನು ಕಂಡರೆ ಬೈಯುತ್ತಿದ್ದರು. ಚೆಕ್ ಬಂದ ಮೇಲೆ ಸುಮ್ನಾದರು.) 65 ದಾಟಿದವರಿಗೆ, 50 ದಾಟಿದ ವಿಧವೆ ಅಥವಾ ವಿಧುರರಿಗೆ, 18 ದಾಟಿದ ಅಂಗವಿಕಲರಿಗೆ ಸಿಗುತ್ತದೆ. ಬಾಡಿಗೆದಾರರಿಗೂ ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಮನೆ ಇಲ್ಲದವರಿಗೆ ಮನೆ ತೆರಿಗೆಯ ರಿಯಾಯಿತಿ ಹೇಗೆ ಅಂದುಕೊಳ್ಳುತ್ತಾರೆ. ಮಾಲೀಕ ಕಟ್ಟುವ ತೆರಿಗೆ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ ಅಲ್ವಾ? ಅದಕ್ಕೆ ಬಾಡಿಗೆಯ ಶೇ. 20ರಷ್ಟನ್ನು ತೆರಿಗೆ ಅಂತ ಲೆಕ್ಕ ಹಿಡಿಯುತ್ತಾರೆ. ಆದರೆ ಆ ಕಟ್ಟಡಕ್ಕೆ ಮಾಲೀಕ ತೆರಿಗೆ ಕಟ್ಟುತ್ತಿರಬೇಕು.

ಆದಾಯದ ಮಿತಿ ಮೊದಲು ಬಾಡಿಗೆದಾರರಿಗೆ ಬರೀ 15,000 ಡಾಲರ್ ಇತ್ತು, ಮನೆ ಇದ್ದವರಿಗೆ 35,000. 2023ರಲ್ಲಿ ಕಾನೂನು ಬದಲಾಯಿಸಿ ಇಬ್ಬರಿಗೂ 45,000 ಮಾಡಿದರು, ಗರಿಷ್ಠ ರಿಬೇಟನ್ನು 650ರಿಂದ 1,000ಕ್ಕೆ ಏರಿಸಿದರು. ಆಮೇಲೆ ಮಿತಿ ಬೆಲೆಯೇರಿಕೆ ನೋಡಿಕೊಂಡು ಮೇಲೆ ಹೋಗುತ್ತದೆ, 2024ರ ಲೆಕ್ಕಕ್ಕೆ 46,520 ಆಗಿತ್ತು. ಅಂದರೆ ಹಳೇ ಕಾಲದಲ್ಲಿ ಒಮ್ಮೆ ವಿಚಾರಿಸಿ, ನಮಗೆ ಬರಲ್ಲ ಅಂತ ಕೈಬಿಟ್ಟವರು ಈಗ ಮತ್ತೆ ನೋಡಬೇಕು.

ಈಗ ನಿಮ್ಮ ಕೇಸಿನಲ್ಲಿ ತಲೆಕೆಡಿಸುವ ಭಾಗ: ಆದಾಯ ಅಂದರೆ ಏನು? ಫೆಡರಲ್ ಟ್ಯಾಕ್ಸಿನಲ್ಲಿ ತೋರಿಸಿದ್ದು ಮಾತ್ರ ಅಲ್ಲ. ತೆರಿಗೆ ಬೀಳದ ಆದಾಯವನ್ನೂ ಗಂಡ ಹೆಂಡತಿ ಇಬ್ಬರದ್ದೂ ಸೇರಿಸಿ ಹೇಳಬೇಕು. ಊರಿನ ಪೆನ್ಶನ್ ಬರುತ್ತದೆ, ಅಮ್ಮನ ಹೆಸರಿನ ಎಫ್‌ಡಿ ಬಡ್ಡಿ ಬರುತ್ತದೆ, ಎರಡನ್ನೂ ಡಾಲರಿಗೆ ಬದಲಾಯಿಸಿ ಬರೆಯಬೇಕು. ಸೋಶಿಯಲ್ ಸೆಕ್ಯುರಿಟಿ (ಇಲ್ಲಿ ದುಡಿದವರಿಗೆ ಸರ್ಕಾರ ಕೊಡುವ ಪೆನ್ಶನ್) ಇದ್ದರೆ ಅರ್ಧ ಮಾತ್ರ ಸೇರಿಸಿದರೆ ಸಾಕು, ಆದರೆ ನಿಮ್ಮ ಅಪ್ಪ ಇಲ್ಲಿ ಕೆಲಸ ಮಾಡಿಲ್ಲವಾದರೆ ಆ ಅನುಕೂಲ ಇಲ್ಲ. ಇನ್ನೊಂದು ಸಾಲು ಇದೆ, ಅದನ್ನು ನಮ್ಮವರು ಯಾರೂ ಓದುವುದಿಲ್ಲ: ವರ್ಷಕ್ಕೆ 300 ಡಾಲರ್ ಮೀರಿದ ಉಡುಗೊರೆ ದುಡ್ಡೂ ಆದಾಯವೇ. ಒಂದೇ ಮನೆಯಲ್ಲಿ ಇರುವವರು ಕೊಟ್ಟುಕೊಂಡರೆ ಲೆಕ್ಕಕ್ಕಿಲ್ಲ. ಬೇರೆ ಮನೆಯಲ್ಲಿರುವ ಮಗ ಕಳಿಸಿದರೆ ಲೆಕ್ಕಕ್ಕಿದೆ.

ಒಂದು ಉದಾಹರಣೆ ಹಾಕಿ ನೋಡಿ. ಪೆನ್ಶನ್ 9,000 ಡಾಲರ್, ಎಫ್‌ಡಿ ಬಡ್ಡಿ 3,000, ಒಟ್ಟು 12,000. ಈ ಆದಾಯಕ್ಕೆ ರಿಬೇಟ್ 770 ಡಾಲರ್‌ವರೆಗೆ. ನೀವು ತಿಂಗಳಿಗೆ 500 ಕಳಿಸಿದರೆ ವರ್ಷಕ್ಕೆ 6,000 ಸೇರಿ 18,000 ಆಗುತ್ತದೆ, ರಿಬೇಟ್ 460ಕ್ಕೆ ಇಳಿಯುತ್ತದೆ. ಅದಕ್ಕಿಂತ ಮೇಲೆ ಮಿತಿಯವರೆಗೂ 380. ಹಾಗಂತ 310 ಡಾಲರ್ ಉಳಿಸುವುದಕ್ಕೆ ಅಪ್ಪ ಅಮ್ಮನಿಗೆ ದುಡ್ಡು ಕಳಿಸುವುದು ನಿಲ್ಲಿಸಬೇಡಿ, ಅಷ್ಟು ಜಾಣತನ ಬೇಡ. ಮುಚ್ಚಿಡುವುದೂ ಬೇಡ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳು ನಿಮ್ಮ ಹೆಸರೇ ಕೂತಿರುತ್ತದೆ.

ಬಾಡಿಗೆದಾರರಿಗೆ ಬೇಕಾದ ಮುಖ್ಯ ಕಾಗದ ರೆಂಟ್ ಸರ್ಟಿಫಿಕೇಟ್. ಫಾರ್ಮ್ ಹೆಸರು ಪಿಎ-1000 ಆರ್‌ಸಿ. ಅದಕ್ಕೆ ಮಾಲೀಕ ಅಥವಾ ಅಪಾರ್ಟ್‌ಮೆಂಟ್ ಆಫೀಸಿನವರು ಸಹಿ ಹಾಕಬೇಕು. ನಾನು ಒಬ್ಬರ ಜೊತೆ ಹೋದಾಗ ಆಫೀಸಿನ ಹುಡುಗಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮ್ಯಾನೇಜರ್ ಇಲ್ಲ, ಕಂಪನಿ ಪಾಲಿಸಿ ಗೊತ್ತಿಲ್ಲ, ಬಿಟ್ಟು ಹೋಗಿ ಅಂದಳು. ಬಿಟ್ಟು ಬಂದರೆ ಅದು ಅಲ್ಲೇ ಟ್ರೇನಲ್ಲಿ ಮಲಗುತ್ತದೆ. ಸಹಿ ಸಿಗಲೇ ಇಲ್ಲ ಅಂದರೂ ದಾರಿ ಇದೆ: ಅದೇ ಫಾರ್ಮಿನಲ್ಲಿ ಬಾಡಿಗೆದಾರರ ಅಫಿಡವಿಟ್ ಭಾಗ ಇದೆ, ಅದನ್ನು ತುಂಬಿ ನೋಟರಿ ಮಾಡಿಸಿ, ಬಾಡಿಗೆ ಕಟ್ಟಿದ ರಸೀದಿ ಅಥವಾ ಚೆಕ್ಕಿನ ಪ್ರತಿ ಜೊತೆಗಿಡಿ. ಈ ಮಾತು ಹೇಳಿದ ಮೇಲೆ ಸಾಮಾನ್ಯವಾಗಿ ಸಹಿಯೂ ಸಿಗುತ್ತದೆ.

ಮನೆಗೆ ಒಬ್ಬರೇ ಅರ್ಜಿ ಹಾಕಬೇಕು, ಅಪ್ಪ ಒಂದು ಅಮ್ಮ ಒಂದು ಅಂತ ಹಾಕಬೇಡಿ. ರಾಜ್ಯದ ಮೈಪಾತ್ ವೆಬ್‌ಸೈಟಿನಲ್ಲೇ ಹಾಕಬಹುದು. ಹಿಂದಿನ ವರ್ಷದ ಬಾಡಿಗೆಗೆ ಈ ವರ್ಷ ಅರ್ಜಿ. ಕೊನೆಯ ದಿನ ಜೂನ್ 30, ಅದನ್ನು ಸಾಮಾನ್ಯವಾಗಿ ಡಿಸೆಂಬರ್ 31ರವರೆಗೆ ಮುಂದೂಡುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ. ದುಡ್ಡು ಜುಲೈಯಿಂದ ಬರಲು ಶುರುವಾಗುತ್ತದೆ.

ಇನ್ನು ಚಿಕ್ಕಮ್ಮ. ಅವರಿಗೆ 65 ಆಗಿದ್ದರೆ ಲಾಭ ಜಾಸ್ತಿ ಇರುವುದು ಅವರಿಗೇ. ನ್ಯೂ ಜೆರ್ಸಿಯ ಪ್ರಾಪರ್ಟಿ ಟ್ಯಾಕ್ಸ್ ದೇಶದಲ್ಲೇ ಅತಿ ಜಾಸ್ತಿ ಅನ್ನಿಸಿಕೊಂಡದ್ದು, 2024ರಲ್ಲಿ ಸರಾಸರಿ ಬಿಲ್ಲೇ 10,000 ಡಾಲರ್ ದಾಟಿತು. ಅದಕ್ಕೆ ರಿಯಾಯಿತಿಗಳೂ ಮೂರು ಇವೆ, ಮೂರಕ್ಕೂ ಈಗ ಪಿಎಎಸ್-1 ಅನ್ನುವ ಒಂದೇ ಅರ್ಜಿ.

ಆ್ಯಂಕರ್ ಅನ್ನುವುದು ಮೊದಲನೆಯದು. ಆದಾಯ 1,50,000 ಡಾಲರ್ ಒಳಗಿದ್ದ 65 ದಾಟಿದ ಮನೆ ಮಾಲೀಕರಿಗೆ 1,750, ಅದರಿಂದ 2,50,000ದವರೆಗೆ 1,250. ಬಾಡಿಗೆಯಲ್ಲಿರುವ ಹಿರಿಯರಿಗೆ 700. ಎರಡನೆಯದು ಸೀನಿಯರ್ ಫ್ರೀಜ್. ಹೆಸರು ಕೇಳಿ ತೆರಿಗೆ ಅಲ್ಲೇ ನಿಲ್ಲುತ್ತದೆ ಅಂತ ತಿಳಿಯಬೇಡಿ. ಬಿಲ್ ಏರುತ್ತಲೇ ಇರುತ್ತದೆ, ಪೂರ್ತಿ ಕಟ್ಟಲೇಬೇಕು, ಅದೂ ಗಡುವಿನೊಳಗೆ. ನೀವು ಅರ್ಹರಾದ ಮೊದಲ ವರ್ಷದ ಮೊತ್ತಕ್ಕಿಂತ ಎಷ್ಟು ಏರಿದೆಯೋ ಅಷ್ಟನ್ನು ರಾಜ್ಯ ವಾಪಸ್ ಕೊಡುತ್ತದೆ. ಅದಕ್ಕೇ ಅರ್ಹತೆ ಬಂದ ವರ್ಷವೇ ಅರ್ಜಿ ಹಾಕಬೇಕು. ತಡ ಮಾಡಿದರೆ ಏರಿದ ಬಿಲ್ಲೇ ಬುನಾದಿಯಾಗಿ ಕೂತುಬಿಡುತ್ತದೆ, ನಷ್ಟ ಪ್ರತಿ ವರ್ಷ ಮುಂದುವರಿಯುತ್ತದೆ.

ಮೂರನೆಯದು ಸ್ಟೇ ಎನ್‌ಜೆ, 2023ರ ಕಾನೂನು, ದುಡ್ಡು ಕೈಗೆ ಬರುವುದು 2026ರಿಂದ. 65 ದಾಟಿದ, ಆದಾಯ 5,00,000 ಡಾಲರ್ ಒಳಗಿರುವ ಮಾಲೀಕರ ತೆರಿಗೆಯ ಅರ್ಧವನ್ನು 6,500 ಡಾಲರ್ ಮಿತಿಯೊಳಗೆ ತುಂಬಿಕೊಡುವುದು ಅದರ ಉದ್ದೇಶ. ಆದರೆ ಮೂರನ್ನೂ ಕೂಡಿಸಿ ಖುಷಿಪಡಬೇಡಿ. ಚಿಕ್ಕಮ್ಮನ ಬಿಲ್ 11,400 ಅಂದುಕೊಳ್ಳಿ, ಅರ್ಧ 5,700. ಆ್ಯಂಕರ್‌ನಿಂದ 1,750 ಬಂತು, ಫ್ರೀಜ್‌ನಿಂದ 600 ಬಂತು, ಉಳಿದ 3,350 ಸ್ಟೇ ಎನ್‌ಜೆಯಿಂದ. ಒಟ್ಟು 5,700ಕ್ಕೆ ಮುಗಿಯಿತು. ಇವೆಲ್ಲ 2024ರ ತೆರಿಗೆಗೆ ಇದ್ದ ಅಂಕಿಗಳು. ರಾಜ್ಯದ ಬಜೆಟ್ ಪ್ರತಿ ಜೂನಿನಲ್ಲಿ ಪಾಸಾಗುತ್ತದೆ, ಇದು ಅದರ ಮೇಲೆ ನಿಂತಿದೆ, ಆದ್ದರಿಂದ ಅರ್ಜಿ ಹಾಕುವ ಮೊದಲು ಆ ವರ್ಷದ ಅಂಕಿ ನೋಡಿಕೊಳ್ಳಿ.

ಚಿಕ್ಕಮ್ಮನ ಮನೆಯ ಡೀಡ್ (ಮಾಲೀಕತ್ವದ ಪತ್ರ) ಒಮ್ಮೆ ತೆಗೆದು ನೋಡಿ. ಹೆಸರು ಯಾರದ್ದಿದೆ? ಮಗನ ಜೊತೆ ಜಂಟಿಯಾಗಿದ್ದರೆ ಅವರ ಪಾಲಿನಷ್ಟು ತೆರಿಗೆಗೆ ಮಾತ್ರ ಲೆಕ್ಕ. ಪೆನ್ಸಿಲ್ವೇನಿಯಾದಲ್ಲೂ ಹಾಗೇ. ನಮ್ಮ ಜನರಲ್ಲಿ ಹೆಚ್ಚಾಗಿ ಮನೆ ಮಗ ಸೊಸೆಯ ಹೆಸರಿನಲ್ಲಿರುತ್ತದೆ, ಅಪ್ಪ ಅಮ್ಮ ಜೊತೆಗಿರುತ್ತಾರೆ, ಆಗ ಅಪ್ಪನ ವಯಸ್ಸು ಎಷ್ಟಾದರೂ ಏನೂ ಸಿಗುವುದಿಲ್ಲ. ಹಾಗಾದರೆ ಡೀಡಿಗೆ ಅಪ್ಪನ ಹೆಸರು ಸೇರಿಸಿಬಿಡೋಣ ಅಂತ ನನ್ನನ್ನು ಕೇಳಿದವರಿದ್ದಾರೆ. ಬರೀ ಇದಕ್ಕಾಗಿ ಮಾಡಬೇಡಿ ಅಂತಲೇ ನಾನು ಹೇಳುವುದು. ಮನೆಯ ಪಾಲು ಬರೆದುಕೊಟ್ಟರೆ ಗಿಫ್ಟ್ ಟ್ಯಾಕ್ಸ್ ರಿಟರ್ನ್, ಮುಂದೆ ಮಾರುವಾಗ ಅಪ್ಪನ ಸಹಿ, ಆಸ್ತಿ ಹಂಚಿಕೆ ಅಂತ ಒಂದಕ್ಕೆ ಹತ್ತು ರಗಳೆ. ಅಪ್ಪನಿಂದ ಬಾಡಿಗೆ ತೆಗೆದುಕೊಂಡಂತೆ ತೋರಿಸುವುದೂ ಅಷ್ಟೇ, ಆ ಬಾಡಿಗೆ ನಿಮ್ಮ ಆದಾಯವಾಗಿ ನಿಮ್ಮ ರಿಟರ್ನಿಗೆ ಬರುತ್ತದೆ.

ಬೇರೆ ರಾಜ್ಯದಲ್ಲಿರುವವರೂ ಇದನ್ನು ಓದಬಹುದು, ಅವರಿಗೆ ನಾಲ್ಕು ಮಾತು. ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕ್ಯೂಟ್ ಬ್ರೇಕರ್ ಕ್ರೆಡಿಟ್ ಅಂತ ರಾಜ್ಯದ ಆದಾಯ ತೆರಿಗೆ ರಿಟರ್ನಿನಲ್ಲಿ ಕೇಳುವ ರಿಯಾಯಿತಿ ಇದೆ, ಬಾಡಿಗೆದಾರರಿಗೂ ಉಂಟು. ಬಾಡಿಗೆಯ ಶೇ. 25ರಷ್ಟು ನಿಮ್ಮ ಆದಾಯದ ಶೇ. 10 ಮೀರಿದರೆ ಸಿಗುತ್ತದೆ, 2024ಕ್ಕೆ ಗರಿಷ್ಠ 2,730 ಡಾಲರ್. ಬಿಟ್ಟುಹೋಗಿದ್ದರೆ ಹಿಂದಿನ ಮೂರು ವರ್ಷದ್ದನ್ನೂ ಕೇಳಬಹುದು. ಟೆಕ್ಸಸ್‌ನಲ್ಲಿ 65 ಆದ ಮೇಲೆ ಸ್ವಂತ ಮನೆಯ ಸ್ಕೂಲ್ ತೆರಿಗೆಗೆ ಮಿತಿ ಬೀಳುತ್ತದೆ, ಬಾಡಿಗೆದಾರರಿಗೆ ಮಾತ್ರ ಏನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 62 ದಾಟಿದ, ಆದಾಯ ಕಡಿಮೆ ಇರುವ ಮಾಲೀಕರು ತೆರಿಗೆಯನ್ನು ಮುಂದೂಡಬಹುದು, ಆದರೆ ಅದು ಶೇ. 5 ಬಡ್ಡಿಯ ಸಾಲ, ಮನೆ ಮಾರಿದಾಗ ಬಡ್ಡಿ ಸಮೇತ ಕಟ್ಟಬೇಕು. ಟೆಕ್ಸಸ್‌ನಲ್ಲೂ ಇಂಥದ್ದೇ ಒಂದಿದೆ. ಇದನ್ನು ರಿಯಾಯಿತಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಕೈಯಲ್ಲಿ ಕಾಸೇ ಇಲ್ಲದಿದ್ದಾಗ ಮಾತ್ರ ನೋಡಿ.

ನೀವು ಈ ವಾರ ಮಾಡಬೇಕಾದ್ದು ಇಷ್ಟೇ. ಅಪ್ಪನ ಪೆನ್ಶನ್ ಪಾಸ್‌ಬುಕ್ ಮತ್ತು ಅಮ್ಮನ ಎಫ್‌ಡಿ ಬಡ್ಡಿಯ ಸರ್ಟಿಫಿಕೇಟನ್ನು ಊರಿನ ಬ್ಯಾಂಕಿನಿಂದ ತರಿಸಿ, ಅದಕ್ಕೇ ಟೈಮ್ ಹಿಡಿಯುವುದು. ಊರಿನ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಇಲ್ಲಿನದು ಜನವರಿಯಿಂದ ಡಿಸೆಂಬರ್. ಆದ್ದರಿಂದ ಎರಡು ಹಣಕಾಸು ವರ್ಷದ ಸ್ಟೇಟ್‌ಮೆಂಟ್ ಒಟ್ಟಿಗೆ ಕೇಳಿ, ಇಲ್ಲಾಂದ್ರೆ ಮತ್ತೆ ಬ್ಯಾಂಕಿಗೆ ಫೋನ್ ಹಚ್ಚಿಕೊಂಡು ಕೂರಬೇಕಾಗುತ್ತದೆ.