ಹಿಮದ ಮೇಲಿನ ಗೊರಸಿನ ಗುರುತು

ಪ್ರಶ್ನೆ: ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದಲ್ಲಿ ಜಿಂಕೆಯ ಹೆಜ್ಜೆ ಹಿಡಿದು ಹೋಗುವವರು ಗುರುತು ಇಂದಿನದೋ ನಿನ್ನೆಯದೋ ಎಂದು ಹೇಗೆ ತಿಳಿಯುತ್ತಾರೆ? ನಮ್ಮ ಕಡೆ ಈ ವಿದ್ಯೆಯಿಂದ ಉಪಯೋಗವಿದೆಯೇ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಮೊದಲು ನೋಡಬೇಕಾದುದು ಗುರುತಿನ ಅಂಚನ್ನು. ಜಿಂಕೆ ಈಗಷ್ಟೇ ಹಾದುಹೋಗಿದ್ದರೆ ಗೊರಸಿನ ಎರಡು ಹೋಳುಗಳ ಅಂಚು ಚೂಪಾಗಿದ್ದು, ಕಾಲೆತ್ತುವಾಗ ಮುಂದಕ್ಕೆ ಚೆಲ್ಲಿದ ಹಿಮದ ಹುಡಿ ಬೆರಳಿಗೆ ಸಡಿಲವಾಗಿ ಸಿಗುತ್ತದೆ. ಹೊತ್ತು ಕಳೆದಂತೆ ಅದೇ ಹುಡಿ ಚಳಿಗೆ ಗಟ್ಟಿಯಾಗುತ್ತದೆ. ಬಿಸಿಲು ತಾಗಿದ ಗುರುತು ಕರಗಿ ಅಗಲವಾಗುವುದರಿಂದ ಸಣ್ಣ ಹೆಣ್ಣಿನ ಹೆಜ್ಜೆಯೂ ದೊಡ್ಡ ಗಂಡಿನದರಂತೆ ಕಾಣಬಹುದು. ಆದ್ದರಿಂದ ಅಳತೆಗೆ ಮರದ ನೆರಳಿನಲ್ಲಿರುವ ಗುರುತನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಹಿಮ ಸುರಿದು ನಿಂತ ಹೊತ್ತು ಗೊತ್ತಿದ್ದರಂತೂ ಕೆಲಸ ಸುಲಭ. ಗುರುತಿನೊಳಗೆ ಹೊಸ ಹಿಮ ತುಂಬಿದ್ದರೆ ಪ್ರಾಣಿ ಅದಕ್ಕೂ ಮೊದಲೇ ಹೋಗಿದೆ. ಜಿಂಕೆ ಮಲಗಿದ್ದ ಜಾಗದಲ್ಲಿ ಮೊಟ್ಟೆಯಾಕಾರದ ತಗ್ಗು ಉಳಿದಿರುತ್ತದೆ. ಮೈಕಾವಿಗೆ ಕರಗಿದ ಹಿಮ ಅಲ್ಲಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಎದ್ದುಹೋಗಿ ಸಾಕಷ್ಟು ಹೊತ್ತಾಗಿದೆ ಎಂದರ್ಥ.

ಆದರೆ ಹೆಜ್ಜೆ ಹಿಡಿದು ಮುಂದಕ್ಕೆ ಹೋಗುವುದಕ್ಕಿಂತ, ಜಿಂಕೆ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುವುದೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಗಳು ಹಿಮ ಆಳವಾದಾಗ ದಟ್ಟವಾದ ಸೂಚಿಪರ್ಣಿ ಮರಗಳ ಕೆಳಗೆ ಗುಂಪುಗೂಡಿ, ತಾವೇ ತುಳಿದ ದಾರಿಗಳಲ್ಲಿ ಮಾತ್ರ ಓಡಾಡುತ್ತ, ಸಿಕ್ಕಷ್ಟು ಮೇವಿನ ಜೊತೆಗೆ ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದ ಚಳಿಗಾಲವನ್ನು ಕಳೆಯುತ್ತವೆ. ಬೆನ್ನಟ್ಟಿ ಓಡಿಸಿದರೆ ಆ ಕೊಬ್ಬು ವೃಥಾ ಕರಗುತ್ತದೆ. ಹಿಂದಕ್ಕೆ ನಡೆದವರಿಗಾದರೋ ಅದು ಯಾವ ಚಿಗುರನ್ನು ಕಚ್ಚಿತು, ಎಲ್ಲಿ ನಿಂತಿತು, ಎಲ್ಲಿ ಬೆದರಿ ನೆಗೆಯಿತು ಎಂಬುದೆಲ್ಲ ಪ್ರಾಣಿಗೆ ತೊಂದರೆಯಾಗದಂತೆ ತಿಳಿಯುತ್ತದೆ. ಕಾಶ್ಮೀರದ ದಾಚಿಗಾಮ್‌ನಲ್ಲಿ ಚಳಿಗಾಲಕ್ಕೆ ಕೆಳಗಿನ ಕಣಿವೆಗೆ ಇಳಿಯುವ ಹಂಗುಲ್ ಜಿಂಕೆಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ, ಏಕೆಂದರೆ ಅವು ಉಳಿದಿರುವುದೇ ಬಹಳ ಕಡಿಮೆ.

ಇನ್ನು ನಮ್ಮ ಮಂಡ್ಯ, ಮೈಸೂರಿನ ಮಾತು. ಬಂಡೀಪುರ, ನಾಗರಹೊಳೆಯ ಕಾಡಿನೊಳಗೆ ಅನುಮತಿಯಿಲ್ಲದೆ ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆಯ ಬೇಟೆ ಅಪರಾಧ. ಆದರೆ ಕಾಡಂಚಿನ ಹೊಲದ ಬದುವಿನಲ್ಲಿ, ಗಾಡಿದಾರಿಯ ಧೂಳಿನಲ್ಲಿ ಇದೇ ಕಣ್ಣು ಕೆಲಸಕ್ಕೆ ಬರುತ್ತದೆ. ಇಬ್ಬನಿಗೆ ನೆನೆದ ಧೂಳಿನ ತೆಳುವಾದ ಮೇಲ್ಪದರವನ್ನು ಗೊರಸು ಒಡೆದಿದ್ದರೆ, ಪ್ರಾಣಿ ಇಬ್ಬನಿ ಬಿದ್ದ ಮೇಲೆ ಹಾದಿದೆ. ಬೆಳೆ ಮೇಯ್ದದ್ದು ಜಿಂಕೆಯೋ ಕಾಡುಹಂದಿಯೋ ಎಂಬ ಅನುಮಾನ ಬಂದರೆ ಗೊರಸಿನ ಹಿಂಬದಿಯನ್ನು ನೋಡಿ: ಹಂದಿಯ ಎರಡು ಹಿಂಗೊರಸುಗಳು (ಪ್ರತಿ ಪಾದದ ಹಿಂದೆ ತುಸು ಮೇಲಿರುವ ಸಣ್ಣ ಗೊರಸುಗಳು) ಮೆತ್ತನೆಯ ಮಣ್ಣಿನಲ್ಲಿ ನಡಿಗೆಯಲ್ಲೇ ಅಗಲವಾಗಿ ಮೂಡುತ್ತವೆ, ಜಿಂಕೆಯವು ಸಾಮಾನ್ಯವಾಗಿ ಓಡಿದಾಗ ಅಥವಾ ಕಾಲು ಆಳಕ್ಕೆ ಹೂತಾಗ ಮಾತ್ರ ಕಾಣುತ್ತವೆ. ಬೆಳಗಿನ ಓರೆಬಿಸಿಲಿನಲ್ಲಿ, ಗುರುತನ್ನು ನಿಮಗೂ ಸೂರ್ಯನಿಗೂ ನಡುವೆ ಇಟ್ಟುಕೊಂಡು ನೋಡಿದರೆ, ನೆರಳಿನಿಂದಾಗಿ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.