ಲೈಕ್ ಬಂತು, ಆರ್ಡರ್ ಬರಲಿಲ್ಲ

ಪ್ರಶ್ನೆ: ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಇನ್‌ಸ್ಟಾಗ್ರಾಂ ಜಾಹೀರಾತಿಗೆ 5,000 ರೂಪಾಯಿ ಹಾಕಿದೆ. ಲೈಕ್ ಬಂತು, ಆರ್ಡರ್ ಇಲ್ಲ. ಏನು ಮಾಡಲಿ?
— ಗೃಹಿಣಿ, ಮಲ್ಪೆ

ಉತ್ತರ: ಲೈಕಿನಿಂದ ಎಣ್ಣೆ ಕಾಯುವುದಿಲ್ಲ ಅಲ್ವಾ ಅಕ್ಕಾ! ಸದ್ಯ ಜಾಹೀರಾತು ನಿಲ್ಲಿಸಿ. ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಕ್ಯಾಟಲಾಗಿನಲ್ಲಿ ಕಟ್ಟಿನ ಫೋಟೊ, ಒಳಗೆ ಎಷ್ಟು ಹಪ್ಪಳ, ಎಷ್ಟು ರೂಪಾಯಿ ಎಲ್ಲ ಬರೆಯಿರಿ, ‘ರೇಟಿಗೆ ಮೆಸೇಜ್ ಮಾಡಿ’ ಅಂದರೆ ಜನ ಅಲ್ಲೇ ಜಾರಿಕೊಳ್ಳುತ್ತಾರೆ. ಬ್ರಾಡ್‌ಕಾಸ್ಟ್ ಮೆಸೇಜು (ಒಂದೇ ಸಲ ಹಲವರಿಗೆ ಕಳಿಸುವಂಥದ್ದು) ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ, ಕಟ್ಟು ಕೊಡುವಾಗಲೇ ಸೇವ್ ಮಾಡಿಸಿ. ಪ್ಯಾಕೆಟ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. ಇನ್ನು, ರಜೆಗೆ ಮುಂಬೈಯಿಂದ ಊರಿಗೆ ಬರುವವರು ವಾಪಸ್ ಬಸ್ ಹತ್ತುವಾಗ ಚೀಲದಲ್ಲಿ ಹಪ್ಪಳ ಇಲ್ಲದಿರುವುದು ಕಡಿಮೆ. ಅಂಥವರಿಗೆ ಮೊದಲೇ ನಾಲ್ಕು ಹಪ್ಪಳ ಸುಮ್ನೆ ಕರಿದು ಕೊಡಿ.